ಟ್ರಿಕೊ ಹಾಡುಗಳಿಗೆ ಕಾಲು ಕುಟ್ಟಲು ಆಗುತ್ತಿಲ್ಲ, ತಪ್ಪು ನನ್ನದಾ?

ನಿದ್ದೆಗೆಟ್ಟವ

ನನ್ನದು ರಾತ್ರಿ ಪಾಳಿ. ಹನ್ನೊಂದರಿಂದ ಬೆಳಗಿನ ಏಳರವರೆಗೆ ಪರದೆ ಮೇಲಿನ ಅಂಕಿಗಳನ್ನು ಕಾಯುವುದೇ ಕೆಲಸ. ಯಾವುದಾದರೂ ಒಂದು ಕೆಂಪಾದರೆ ಫೋನ್ ಮಾಡಬೇಕು. ಕೆಂಪಾಗದಿದ್ದರೆ ಸುಮ್ನೆ ಕೂರಬೇಕು. ಹೆಚ್ಚಿನ ರಾತ್ರಿ ಕೂರುವುದೇ. ಮೇಜಿನ ಫೋನ್ ರಿಂಗಾದರೆ ಕೇಳಿಸಲಿ ಅಂತ ಎಡಗಿವಿ ಖಾಲಿ ಬಿಟ್ಟು, ಬಲಗಿವಿಗೆ ಮಾತ್ರ ಇಯರ್‌ಬಡ್ ಹಾಕಿಕೊಂಡು ಹಾಡು ಕೇಳುತ್ತಿರುತ್ತೇನೆ.

ಮೂರು ವಾರದ ಹಿಂದೆ ಏನೋ ಒಂದು ಜಪಾನಿ ಹಾಡು ಮುಗಿಯಿತು. ಅದರ ಬೆನ್ನಿಗೇ ಇನ್ನೊಂದು ತಾನಾಗಿ ಶುರುವಾಯಿತು. ಗಂಟೆ ಮೂರಾಗಿರಬೇಕು. ತೂಕಡಿಕೆ ಹಾರಿಹೋಯಿತು. ಹಾಡಿನ ಹೆಸರು 'ಒಚನ್ಸೆನ್ಸೂಸು'. ಬ್ಯಾಂಡ್ ಹೆಸರು ಟ್ರಿಕೊ. ಹಾಡುವವಳ ದನಿಯಲ್ಲಿ ಒಂದು ಚೂರೂ ಆತಂಕವಿಲ್ಲ. ಅವಳ ಕೆಳಗೆ ಮಾತ್ರ ಎಲ್ಲ ಅಲ್ಲೋಲಕಲ್ಲೋಲ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೂ ಒಂದು ಮೆಟ್ಟಿಲಿದೆ ಅಂದುಕೊಂಡು ನೆಲಕ್ಕೆ ಧೊಪ್ಪೆಂದು ಕಾಲಿಡುತ್ತೇವಲ್ಲ, ಹಾಗೆ ಆಗುತ್ತಿತ್ತು. ಪ್ರತಿ ಸಾಲಿಗೂ.

ಹಾಡು ಕೇಳುವಾಗ ಕಾಲು ಕುಟ್ಟುವುದು ನನ್ನ ಚಟ. ಚಿಕ್ಕಂದಿನಲ್ಲಿ ಎರಡು ವರ್ಷ ಮೃದಂಗ ಕಲಿತಿದ್ದೆ. ದೊಡ್ಡ ವಿದ್ಯೆಯೇನೂ ಬರಲಿಲ್ಲ, ತಾಳ ಹಾಕುವ ಅಭ್ಯಾಸ ಮಾತ್ರ ಉಳಿದುಕೊಂಡಿತು. ಹಾಗಾಗಿ ಇದು ಸ್ವಲ್ಪ ಮಾನದ ಪ್ರಶ್ನೆಯೂ ಹೌದು. ನಾಲ್ಕು ಎಣಿಸಿದೆ, ತಪ್ಪಿತು. ಐದು ಎಣಿಸಿದೆ. ಏಳು ಎಣಿಸಿದೆ. ಏಳು ಎರಡು ಸಲ ಸರಿಹೋಯಿತು, ಮೂರನೇ ಸಲ ಕೈಕೊಟ್ಟಿತು. ಪಕ್ಕದ ಮೇಜಿನವರು "ಕಾಲಿಗೆ ಏನಾಯಿತು?" ಅಂತ ಕೇಳಿದರು.

ಹುಡುಕಿದಾಗ ತಾಳದ ಲೆಕ್ಕ ಹೀಗೆ ಪದೇಪದೇ ಬದಲಾಗುವ ರಾಕ್‌ಗೆ ಮ್ಯಾತ್ ರಾಕ್ ಅನ್ನುತ್ತಾರೆ ಅಂತ ಗೊತ್ತಾಯಿತು. ಅಂಕಿಗಳಿಂದ ತಪ್ಪಿಸಿಕೊಳ್ಳಲು ಹಾಡು ಕೇಳಿದರೆ ಅಲ್ಲೂ ಲೆಕ್ಕವೇ!

ಮೂರು ಪ್ರಶ್ನೆ. ಇವರ ಹೆಸರಾದ ಹಾಡುಗಳಲ್ಲಿ ಯಾವುದರಿಂದ ಶುರು ಮಾಡಿದರೆ ಒಳ್ಳೆಯದು? ಇದನ್ನು ಎಣಿಸುವುದು ಹೇಗೆ? ಇನ್ನೊಂದು ಸ್ವಲ್ಪ ದಡ್ಡ ಪ್ರಶ್ನೆ: ಗಿಟಾರ್ ಯಾಕೆ ಪದೇಪದೇ ಮಾತು ಅರ್ಧಕ್ಕೆ ನಿಲ್ಲಿಸಿದ ಹಾಗೆ ಕೇಳುತ್ತದೆ? ಏನೋ ಹೇಳಲು ಬಾಯಿ ತೆರೆದು, ಮರೆತು, ಆಮೇಲೆ ಇನ್ನೇನೋ ಹೇಳಿದ ಹಾಗೆ.

---

ಎಡಗೈ ಡ್ರಮ್ಮರ್

ಪಾಪ, ಬೆಳಗಿನ ಜಾವ ಮೂರಕ್ಕೆ ಒಚನ್ಸೆನ್ಸೂಸು. ಅದು ಬಾಗಿಲು ಬಿಟ್ಟು ಸೂರಿನಿಂದ ಮನೆಯೊಳಗೆ ಇಳಿದ ಹಾಗೆ.

ನಾನು ಡ್ರಮ್ಸ್ ಬಾರಿಸುತ್ತೇನೆ. ಹೊಟ್ಟೆಪಾಡಿಗಲ್ಲ, ಹವ್ಯಾಸಕ್ಕೆ. ಕೆಲಸದ ಮೇಲೆ ಎರಡು ವರ್ಷ ಜಪಾನಿನ ಕ್ಯೋತೊದಲ್ಲಿದ್ದೆ. ಟ್ರಿಕೊ ಹುಟ್ಟಿದ ಊರೇ ಅದು, 2010ರಲ್ಲಿ. ಹಾಗಾಗಿ ಈ ಬ್ಯಾಂಡ್ ವಿಷಯದಲ್ಲಿ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಹಾಡುವವರು ನಕಾಜಿಮಾ ಇಕ್ಕ್ಯೂ, ಒಂದು ಗಿಟಾರೂ ಅವರದೇ. ಇನ್ನೊಂದು ಗಿಟಾರ್ ಕಿದಾ ಮೊತಿಫೊ. ಬಾಸ್ ಹಿರೊಮಿ ಹಿರೊಹಿರೊ. (ಹೌದು, ಅದೇ ಹೆಸರು. ಎರಡು ಸಲ ಹೇಳಿ ನೋಡಿ, ಅದೂ ಒಂದು ತಾಳ.) ಟ್ರಿಕೊ ಅನ್ನುವುದು ಫ್ರೆಂಚ್ ಪದ, ಹೆಣಿಗೆ ಅಂತ ಅರ್ಥ. ಜಪಾನಿಯಲ್ಲಿ 'ತೊರಿಕೊ' ಅಂತ ಉಚ್ಚರಿಸುತ್ತಾರೆ. ಅಲ್ಲಿ ಆ ಸದ್ದಿಗೆ ಸೆರೆಸಿಕ್ಕವರು ಅನ್ನುವ ಅರ್ಥವೂ ಇದೆ. ನಿಮ್ಮ ಸ್ಥಿತಿ ನೋಡಿದರೆ ಎರಡನೆಯದೇ ಸರಿ.

ಎಣಿಸುವ ವಿಷಯಕ್ಕೆ ಬರುತ್ತೇನೆ. ನೀವು ಮಾಡುತ್ತಿರುವ ತಪ್ಪನ್ನೇ ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಈ ಹಾಡಿಗೆ ಯಾವ ತಾಳ ಅಂತ ಕೇಳುತ್ತಿದ್ದೀರಿ. ಆ ಪ್ರಶ್ನೆಯೊಳಗೇ ಒಂದು ನಂಬಿಕೆ ಕೂತಿದೆ: ಶುರುವಿನಿಂದ ಕೊನೆಯವರೆಗೆ ಒಂದೇ ಆವರ್ತನ ಸುತ್ತುತ್ತದೆ ಅಂತ. ಮೃದಂಗ ಕಲಿತವರಿಗೆ ಅದು ಸಹಜ. ಆದಿತಾಳ ಅಂದರೆ ಕೊನೆಯ ತನಕ ಆದಿತಾಳ, ಒಳಗೆ ಎಷ್ಟೇ ಕಸರತ್ತು ಮಾಡಿದರೂ ಸಮಕ್ಕೆ ಬಂದು ಬೀಳಲೇಬೇಕು. ಇಲ್ಲಿ ಅಂಥ ಒಪ್ಪಂದವೇ ಇಲ್ಲ. ಒಂದು ಸಾಲಿಗೆ ಏಳು, ಮುಂದಿನದಕ್ಕೆ ಎಂಟು, ಆಮೇಲೆ ಉಸಿರು ತೆಗೆದುಕೊಳ್ಳಲು ಒಂದೂವರೆ, ಹೀಗೆಲ್ಲ ಇರಬಹುದು. ಕೋರಸ್ ಬಂದಾಗ ಸೀದಾ ನಾಲ್ಕಕ್ಕೆ ಬಂದು ನಿಮ್ಮನ್ನು ಕುಣಿಸಲೂಬಹುದು.

ಇನ್ನೊಂದು ಆಟ ಇದೆ. ಗಿಟಾರ್ ಏಳರ ತುಂಡನ್ನು ಸುತ್ತಿಸುತ್ತಿರುತ್ತದೆ. ಡ್ರಮ್ಸ್ ತನ್ನ ಪಾಡಿಗೆ ನಾಲ್ಕನ್ನು ಸುತ್ತಿಸುತ್ತಿರುತ್ತದೆ. ಒಂದು 'ತಕಿಟ ತಕಧಿಮಿ', ಇನ್ನೊಂದು ಬರೀ 'ತಕಧಿಮಿ'. ಎರಡೂ ಒಟ್ಟಿಗೆ ಹೊರಟರೆ ಮತ್ತೆ ಸೇರುವುದು 28ನೇ ಎಣಿಕೆ ಮುಗಿದ ಮೇಲೆ. ಗಿಟಾರ್‌ಗೆ ನಾಲ್ಕು ಸುತ್ತು, ಡ್ರಮ್ಸ್‌ಗೆ ಏಳು ಸುತ್ತು. ನಡುವೆ ಇಬ್ಬರೂ ಜಗಳವಾಡುತ್ತಿದ್ದಾರೆ ಅನ್ನಿಸುತ್ತದೆ. ನೀವು ಗಿಟಾರ್ ಹಿಂದೆ ಹೋದರೆ ಡ್ರಮ್ಸ್ ತಪ್ಪು, ಡ್ರಮ್ಸ್ ಹಿಂದೆ ಹೋದರೆ ಗಿಟಾರ್ ತಪ್ಪು. ಮ್ಯಾತ್ ರಾಕ್‌ನಲ್ಲಿ ಇದು ದಿನದ ಅನ್ನ.

ಹಾಗಾದರೆ ಹಿಡಿಯುವುದು ಏನನ್ನು? ದನಿಯನ್ನು. ಟ್ರಿಕೊ ಕೇಳುವವರಿಗೆ ನಾನು ಹೇಳುವುದು ಇದೊಂದೇ. ಅಮೆರಿಕದಲ್ಲಿ 90ರ ದಶಕದಲ್ಲಿ ಈ ಶೈಲಿ ಬೆಳೆಸಿದವರಲ್ಲಿ ಡಾನ್ ಕ್ಯಾಬಲೆರೊ ಥರದ ಬ್ಯಾಂಡ್‌ಗಳಿಗೆ ಹಾಡುವವರೇ ಇರಲಿಲ್ಲ. ಹಿಡಿಯಲು ಕೊಂಬೆಯೇ ಇಲ್ಲದ ಮರ. ಟ್ರಿಕೊ ಹಾಗಲ್ಲ. ಇಕ್ಕ್ಯೂ ಹಾಡುವ ರಾಗವನ್ನು ಬೇರೆ ಮಾಡಿ ನೋಡಿ, ಅಪ್ಪಟ ಪಾಪ್ ಹಾಡು. ಗುನುಗಿಕೊಳ್ಳಬಹುದು. ಎಲ್ಲ ವಕ್ರತನವೂ ಅದರ ಸುತ್ತ ಇದೆ, ಅದರೊಳಗೆ ಇಲ್ಲ. ಮೊದಲು ಹಾಡು ಬಾಯಿಗೆ ಬರಲಿ. ಕಾಲು ಆಮೇಲೆ ತಾನೇ ಕಲಿಯುತ್ತದೆ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಒಂದು ಲೈವ್ ಹೌಸ್‌ನಲ್ಲಿ. ಅಲ್ಲಿ ಚಿಕ್ಕ ಸಂಗೀತ ಜಾಗಗಳಿಗೆ ಹಾಗನ್ನುತ್ತಾರೆ. ನೆಲಮಾಳಿಗೆ. ಟಿಕೆಟ್ ಮೇಲೆ ಸಂಖ್ಯೆ ಇರುತ್ತದೆ, ಕೂಗಿದ ಕ್ರಮದಲ್ಲಿ ಒಳಗೆ ಹೋಗಬೇಕು. ಟಿಕೆಟ್ ಇದ್ದರೂ ಬಾಗಿಲಲ್ಲಿ ಒಂದು ಡ್ರಿಂಕ್‌ಗೆ ಅಂತ ಆಗ 500-600 ಯೆನ್ ಬೇರೆ ಕೊಡಬೇಕಿತ್ತು. ಚೀಲ ಕಾಯಿನ್ ಲಾಕರ್‌ಗೆ. ನನ್ನ ಪಕ್ಕ ಆಫೀಸಿನಿಂದ ಸೀದಾ ಬಂದ ಒಬ್ಬರು ನಿಂತಿದ್ದರು. ಕೋಟು, ಟೈ, ಬೋಳುತಲೆ, ಐವತ್ತರ ಹತ್ತಿರದ ವಯಸ್ಸು. ಬ್ಯಾಂಡ್ ನುಡಿಸುತ್ತಾ ನುಡಿಸುತ್ತಾ ಫಕ್ಕನೆ ನಿಲ್ಲುತ್ತದೆ. ಪೂರ್ತಿ ಮೌನ. ಎಷ್ಟು ಹೊತ್ತು ಅಂತ ಹೇಳಲಾಗದ ಮೌನ. ಮತ್ತೆ ಒಂದೇ ಏಟು. ಆ ಏಟಿಗೆ ಸರಿಯಾಗಿ ಆ ಮನುಷ್ಯನ ಮುಷ್ಟಿ ಗಾಳಿಯಲ್ಲಿ! ಪ್ರತಿ ಸಲ. ಡ್ರಮ್ಸ್ ಬಾರಿಸುವ ನಾನು ಬೆರಳು ಮಡಚಿ ಎಣಿಸುತ್ತಾ ಪ್ರತಿ ಸಲ ಅರ್ಧ ಹೆಜ್ಜೆ ತಡ. ಅವರ ತುಟಿ ನೋಡಿದೆ. ಎಣಿಸುತ್ತಿರಲಿಲ್ಲ. ಹಾಡುತ್ತಿದ್ದರು.

ಇನ್ನು ಯಾವ ಹಾಡು ಅಂತ.

'ಮೆಲನ್ ಸೋಡಾ'ದಿಂದ ಶುರು ಮಾಡಿ. 2017ರ '3' ಅನ್ನುವ ಆಲ್ಬಂನ ಕೊನೆಯ ಹಾಡು. ಬಿಸಿಲಿನ ಹಾಡು. ಟ್ರಿಕೊ ಅಂದರೆ ಭಯ ಅನ್ನುವವರಿಗೆ ನಾನು ಇದನ್ನೇ ಕೊಡುವುದು. ಆಮೇಲೆ 2019ರ 'ಅಫುರೆರು'. ತುಂಬಿ ಚೆಲ್ಲುವುದು ಅಂತ ಅರ್ಥ. ದೊಡ್ಡ ಕಂಪನಿಗೆ ಹೋದ ಮೇಲೆ ಬಂದ ಹಾಡು, ನುಣುಪು ಜಾಸ್ತಿ. ಕೆಲವರು ಅದಕ್ಕೇ ಬೈಯುತ್ತಾರೆ. ನಾನು ಬೈಯುವುದಿಲ್ಲ.

ಆ ಕಂಪನಿಯಲ್ಲಿ ಇವರ ಲೇಬಲ್‌ಗೆ ಇಟ್ಟ ಹೆಸರು 8902 ರೆಕಾರ್ಡ್ಸ್. ಜಪಾನಿಯಲ್ಲಿ ಅಂಕಿಗಳನ್ನು ಅಕ್ಷರದ ಹಾಗೆ ಓದುವ ಒಂದು ಆಟವಿದೆ. 8 ಅಂದರೆ ಬ, 9 ಅಂದರೆ ಕು, 0 ಅಂದರೆ ರೆ, 2 ಅಂದರೆ ತ್ಸು. 'ಬಕುರೆತ್ಸು', ಅಂದರೆ ಸ್ಫೋಟ. ಅದಕ್ಕೂ ಮೊದಲು ಇವರೇ ನಡೆಸುತ್ತಿದ್ದ ಲೇಬಲ್ ಹೆಸರು ಬಕುರೆತ್ಸು ರೆಕಾರ್ಡ್ಸ್. ಶುರುವಿನ ದಿನಗಳ ಹೆಸರಾದ ಹಾಡು 'ಬಕುರೆತ್ಸು ಪನಿಯೆಸಾನ್'. ಮನೆ ಬದಲಿಸಿದರೂ ಬಾಗಿಲ ಫಲಕ ಬಿಚ್ಚಿಕೊಂಡು ಹೋದರು ಅಷ್ಟೇ. ನೀವು ಅಂಕಿ ಕಾಯುವವರು, ನಿಮಗೆ ಇದು ಇಷ್ಟವಾಗಬಹುದು.

'ಮೆಲನ್ ಸೋಡಾ', 'ಅಫುರೆರು' ಎರಡೂ ಹೊಂದಿಕೊಂಡ ಮೇಲೆ 2013ರ ಮೊದಲ ಆಲ್ಬಂಗೆ ಹೋಗಿ. ಹೆಸರು 'ದಿ'. ಇಂಗ್ಲಿಷಿನ 'ದಿ' ಅಷ್ಟೇ. ಎರಡನೆಯದು 2015ರಲ್ಲಿ, ಅದಕ್ಕೆ 'ಆ್ಯಂಡ್' ಅಂತ ಹೆಸರಿಟ್ಟರು. ಮೂರನೆಯದಕ್ಕೆ ಪದವೂ ಬೇಡ ಅಂತ '3'. 'ದಿ' ಶುರುವಾಗುವುದು 'ಪೂಲ್ ಸೈಡ್' ಅನ್ನುವ ಪುಟ್ಟ ತುಣುಕಿನಿಂದ, ಅದರ ಬೆನ್ನಿಗೆ 'ಪೂಲ್'. ನೀರಿನ ಅಂಚಲ್ಲಿ ನಿಲ್ಲಿಸಿ ಆಮೇಲೆ ತಳ್ಳುವುದು. ನಾಲ್ಕು ವರ್ಷ ಆದ ಮೇಲೆ '3'ರಲ್ಲಿ 'ಪೋರ್ಕ್ ಸೈಡ್' ಅಂತ ಒಂದು ತುಣುಕು, ಬೆನ್ನಿಗೆ 'ಪೋರ್ಕ್ ಜಿಂಜರ್'. ಒಂದು ಕೆಟ್ಟ ಜೋಕನ್ನು ನಾಲ್ಕು ವರ್ಷ ಕಾದು ಹೇಳಲು ಎಷ್ಟು ತಾಳ್ಮೆ ಬೇಕು!

'ಪೂಲ್' ಆದ ಮೇಲೆ 'ಒಮೊತೆನಶಿ' ಕೇಳಿ. ಅತಿಥಿ ಸತ್ಕಾರ ಅಂತ ಅರ್ಥ. ಆ ಆಲ್ಬಂ ಬಂದ ವರ್ಷವೇ ಟೋಕಿಯೊಗೆ ಒಲಿಂಪಿಕ್ಸ್ ಕೇಳುವ ಭಾಷಣದಲ್ಲಿ ಈ ಪದ ಬಳಸಿದರು. ಜಪಾನಿನಲ್ಲಿ ಎಲ್ಲರ ಬಾಯಲ್ಲೂ ಅದೇ ಆಯಿತು. ಟ್ರಿಕೊದವರ ಸತ್ಕಾರ ಮಾತ್ರ ಬೇರೆ ಥರ, ಕುರ್ಚಿ ಕೊಟ್ಟು ಕೂರುವ ಹೊತ್ತಿಗೆ ಎಳೆದುಕೊಳ್ಳುತ್ತಾರೆ. ಆಮೇಲೆ '99.974 ಡಿಗ್ರಿ'. ನೀರು ಕುದಿಯುವುದು ಸರಿಯಾಗಿ ನೂರಕ್ಕಲ್ಲ, ಕೂದಲೆಳೆಯಷ್ಟು ಮೊದಲು ಅನ್ನುವ ಅಂಕಿ ಅದು. ಪೂರ್ಣ ಸಂಖ್ಯೆಗೆ ಬರಲೇಬಾರದು ಅನ್ನುವ ಹಟ ನೋಡಿ.

ಒಚನ್ಸೆನ್ಸೂಸು ಕೊನೆಗೆ.

ಇಷ್ಟು ಬರೆದು ಡ್ರಮ್ಸ್ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 'ದಿ'ಯಲ್ಲಿ ಬಾರಿಸಿದ್ದು ಕೊಮಾಕಿ. ಅವರು 2014ರಲ್ಲಿ ಬಿಟ್ಟರು. ಉಳಿದ ಮೂವರು ನಿಲ್ಲಿಸಲಿಲ್ಲ. 'ಆ್ಯಂಡ್' ಮಾಡುವಾಗ ಬೇರೆಬೇರೆ ಡ್ರಮ್ಮರ್‌ಗಳನ್ನು ಕರೆಸಿಕೊಂಡರು. ಒಂದೊಂದು ಹಾಡಿನ ನಡಿಗೆ ಒಂದೊಂದು ಥರ ಕೇಳುವುದು ಅದಕ್ಕೇ. 'ನೊರಾಡ್ರೆನಲಿನ್' ಮತ್ತು 'ಇ' ಎರಡನ್ನೂ ಬೆನ್ನುಬೆನ್ನಿಗೆ ಕೇಳಿ ನೋಡಿ. ಆಮೇಲೆ ಬಂದವರು ಯೊಶಿದಾ ಯೂಸುಕೆ. ಅವರು 2017ರ ಕೊನೆಯಲ್ಲಿ ಪೂರ್ತಿ ಸದಸ್ಯರಾದರು. ಅವರದು ಕೂಗಾಡದ ಕೈ. ಎಷ್ಟು ಕಷ್ಟದ ಜಾಗದಲ್ಲೂ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಏಟು ಬೀಳಬೇಕಾದ ಕಡೆಯೇ ಬೀಳುತ್ತದೆ, ಪಾತ್ರೆ ತೊಳೆದು ಬೋರಲು ಹಾಕಿದಷ್ಟು ಸಲೀಸಾಗಿ. 2020ರ 'ಮಕ್ಕುರೊ' ಆಲ್ಬಂ ಕೇಳಿದರೆ ಗೊತ್ತಾಗುತ್ತದೆ. ನನಗೆ ಹೊಟ್ಟೆಕಿಚ್ಚು.

ಗಿಟಾರ್ ಮಾತು ಅರ್ಧಕ್ಕೆ ನಿಲ್ಲಿಸುವ ಪ್ರಶ್ನೆಗೆ ಯೋಚಿಸಿ ಬರೆಯುತ್ತೇನೆ. ಏನೋ ಸಿಗುತ್ತಿದೆ, ಸಿಗುತ್ತಿಲ್ಲ.

---

ಹಳೇ ಮೇಷ್ಟ್ರು

ನಾನು ರಾಕ್ ಕೇಳುವವನಲ್ಲ. ಮೊಮ್ಮಗಳು ಈ ಪುಟ ತೆರೆದಿಟ್ಟು ಹೋಗಿದ್ದಳು, ಓದಿಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಛಂದಸ್ಸು ಹೇಳಿಕೊಟ್ಟವನು, ಸುಮ್ಮನಿರಲು ಆಗಲಿಲ್ಲ.

ಏಳಕ್ಕೆ ಯಾಕಪ್ಪಾ ಹೆದರುತ್ತೀರಿ? ಭಾಮಿನಿ ಷಟ್ಪದಿ ಅಂದರೇನು? ಮೂರು, ನಾಲ್ಕು, ಮೂರು, ನಾಲ್ಕು. ಏಳೇ ಅಲ್ಲವೇ? ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಏಳರ ಹೆಜ್ಜೆಯಲ್ಲೇ ನಡೆಸಿದ. ವಾರ್ಧಕ ಬೇಕಾದರೆ ಐದೈದು. ಗಮಕಿಗಳು ಅದನ್ನು ಬೆರಳು ಮಡಚಿ ಓದುವುದಿಲ್ಲ.

ಹಾಡುಗಳನ್ನೂ ಕೇಳಿದೆ. ಮೊಮ್ಮಗಳು ಗಾಬರಿಯಾದಳು. ನನಗೆ ಕುತೂಹಲ ಹುಟ್ಟಿಸಿದ್ದು ಭಾಷೆ. ಜಪಾನಿಯಲ್ಲೂ ನಮ್ಮ ಹಾಗೆ ಮಾತ್ರೆಯ ಲೆಕ್ಕ ಇದೆ. ಅದನ್ನು ಭಾಷಾಶಾಸ್ತ್ರದವರು ಮೋರ ಅನ್ನುತ್ತಾರೆ. ಹಾಯ್ಕುವಿನ ಐದು, ಏಳು, ಐದು ಅದೇ. ದೀರ್ಘಕ್ಕೆ ಎರಡು, ಹ್ರಸ್ವಕ್ಕೆ ಒಂದು, ನಡುವೆ ಬರುವ 'ನ್'ಗೆ ತನ್ನದೇ ಒಂದು. ನಮ್ಮಲ್ಲಿ ಒತ್ತಕ್ಷರದ ಹಿಂದಿನದು ಗುರುವಾಗುವುದರಿಂದ ಎಷ್ಟೋ ಕಡೆ ಲೆಕ್ಕ ಹೊಂದಿಬಿಡುತ್ತದೆ. ಅವರ ಉಚ್ಚಾರದ ಹಾಗೆ 'ತೋಕ್ಯೋ' ಅಂತ ಬರೆಯಿರಿ: ಎರಡು ಗುರು, ನಾಲ್ಕು ಮಾತ್ರೆ. ಅವರಿಗೂ ನಾಲ್ಕೇ. 'ಕ್ಯೋತೊ' ಮೂರು, ಅವರಿಗೂ ಮೂರು. 'ಒಮೊತೆನಶಿ' ಐದು ಲಘು. ಈ ಹುಡುಗನ ನಿದ್ದೆ ಕೆಡಿಸಿದ ಒಚನ್ಸೆನ್ಸೂಸುವಿಗೆ ಪ್ರಸ್ತಾರ ಹಾಕಿದೆ: ಲಘು, ಗುರು, ಗುರು, ಗುರು, ಲಘು. ಎಂಟು ಮಾತ್ರೆ. ಜಪಾನಿಯಲ್ಲೂ ಸರಿಯಾಗಿ ಎಂಟು. ಆ ಪದ ನಿಘಂಟಿನಲ್ಲಿ ಸಿಗಲಿಲ್ಲ, ಅದು ಬೇರೆ ಮಾತು.

ಹೀಗೆ ಒಂದೊಂದು ಅಕ್ಷರವೂ ಸಮ ತೂಕದ ಕಾಳಿನ ಹಾಗಿದ್ದರೆ, ಐದೋ ಏಳೋ ಒಂಬತ್ತೋ, ಎಷ್ಟು ಬೇಕೋ ಅಷ್ಟು ಎಣಿಸಿ ಸಾಲಿಗೆ ಸುರಿಯಬಹುದು. ಆ ಹೆಣ್ಣುಮಗಳು ಹಾಡುವಾಗ ಅಲ್ಲಲ್ಲಿ ಎಳೆಯುತ್ತಾಳೆ, ನುಂಗುತ್ತಾಳೆ, ಅದು ಎಲ್ಲ ಹಾಡಿನಲ್ಲೂ ಇದ್ದದ್ದೇ. ಆದರೆ ಸಾಲು ಇಕ್ಕಟ್ಟಾದ ಹಾಗೆ ಕೇಳುವುದಿಲ್ಲ. ಡ್ರಮ್ಮರ್ ಹೇಳಿದ "ದನಿಯನ್ನು ಹಿಡಿಯಿರಿ" ಅನ್ನುವ ಮಾತು ನನಗೆ ಸರಿ ಕಂಡಿತು.

ಗದ್ದಲ ಮಾತ್ರ ಜಾಸ್ತಿಯಾಯಿತು.

---

ಅನಿಮೆ ಪಿಶಾಚಿ

ಮೇಷ್ಟ್ರೇ, ನಮಸ್ಕಾರ! ಪರೀಕ್ಷೆಗೆ ಪ್ರಸ್ತಾರ ಹಾಕುವಾಗ ಅತ್ತಿದ್ದೆ, ಈಗ ಟ್ರಿಕೊಗೆ ಹಾಕಬೇಕಾ?

ನನ್ನದೊಂದು ಸಣ್ಣ ಸಂಶಯ. ನಾನು ಈ ಕಡೆ ಬಂದದ್ದು ಅನಿಮೆಯಿಂದ, ಅಂದರೆ ಜಪಾನಿ ಕಾರ್ಟೂನ್ ಸರಣಿಗಳಿಂದ. ಟೋಕಿಯೊ ಘೌಲ್‌ನ 'ಅನ್‌ರ‍್ಯಾವೆಲ್', ಸೈಕೊ-ಪಾಸ್‌ನ 'ಅಬ್ನಾರ್ಮಲೈಸ್'. ಮೊದಲನೆಯದು ಟಿಕೆ ಅನ್ನುವ ಗಾಯಕ ಒಬ್ಬರದೇ, ಎರಡನೆಯದು ಅವರ ಬ್ಯಾಂಡ್ ಲಿಂಗ್ ತೊಸಿತೆ ಸಿಗುರೆಯದು. ಅವೂ ಮ್ಯಾತ್ ರಾಕ್ ಅಂತ ಕೆಲವರು, ಅಲ್ಲವೇ ಅಲ್ಲ ಅಂತ ಕೆಲವರು. ಯಾವುದು ಸರಿ? ಆಮೇಲೆ ದನಿಯೇ ಇಲ್ಲದ ಬ್ಯಾಂಡ್ ಆದರೆ ಡ್ರಮ್ಮರ್ ಅಕ್ಕ ಹೇಳಿದ ಉಪಾಯ ನಡೆಯುವುದಿಲ್ಲವಲ್ಲ? ಟೋ ಅನ್ನುವ ಬ್ಯಾಂಡ್ ಕೇಳುವಾಗ ಏನನ್ನು ಹಿಡಿಯಬೇಕು?

ನಿದ್ದೆಗೆಟ್ಟವರಿಗೆ ಒಂದು ಮಾಹಿತಿ: ಇಕ್ಕ್ಯೂ ಜೀನಿ ಹೈ ಅನ್ನುವ ಇನ್ನೊಂದು ಬ್ಯಾಂಡಲ್ಲೂ ಹಾಡುತ್ತಾರೆ. ಅದರಲ್ಲಿ ಡ್ರಮ್ಸ್, ಬಾಸ್ ಎರಡೂ ಹಾಸ್ಯ ಕಲಾವಿದರ ಕೈಯಲ್ಲಿ. ಅಲ್ಲಿನ ಹಾಡುಗಳಿಗೆ ಕಾಲು ಕುಟ್ಟಬಹುದು, ಏನೂ ಆಗುವುದಿಲ್ಲ.

---

ಎಡಗೈ ಡ್ರಮ್ಮರ್

ಮೇಷ್ಟ್ರೇ, ನಿಮ್ಮ ಪ್ರಸ್ತಾರ ಓದಿ ಪೆನ್ನು ತೆಗೆದುಕೊಂಡು ಕೂತೆ. 'ಅಫುರೆರು' ನಾಲ್ಕು ಲಘು. ಸರಿ ತಾನೇ?

ಪಿಶಾಚಿಯವರಿಗೆ: ಸಿಗುರೆಯದು ಚಾಕುವಿನ ಥರದ ಸಂಗೀತ, ವೇಗ ಮತ್ತು ಕಿರುಚು ಮುಂದೆ, ಲೆಕ್ಕ ಹಿಂದೆ. ಹೆಸರಿನ ಚೀಟಿ ಯಾವುದಾದರೂ ಅಂಟಿಸಿಕೊಳ್ಳಿ. ಟೋಕಿಯೊದ ಟೋ ಕಥೆ ಬೇರೆ. ಅವರಲ್ಲಿ ಹಾಡುವವರು ಯಾರು ಅಂದರೆ ಕಶಿಕುರಾ ತಕಾಶಿಯ ಡ್ರಮ್ಸ್. 2009ರ 'ಫಾರ್ ಲಾಂಗ್ ಟುಮಾರೊ' ಆಲ್ಬಂನ 'ಎಸೊಟೆರಿಕ್' ಕೇಳಿ. ಗಿಟಾರುಗಳು ಕೂತು ತಾಳ ಹಾಕುತ್ತವೆ, ಡ್ರಮ್ಸ್ ಎದ್ದು ಹಾಡುತ್ತದೆ. ಅದೇ ಆಲ್ಬಂನಲ್ಲಿ 'ಗುಡ್‌ಬೈ' ಇದೆ, ತೊಕಿ ಅಸಾಕೊ ಬಂದು ಹಾಡಿದ್ದಾರೆ. ಟೋ ಹಾಡುಗಳಲ್ಲಿ ಹೆಚ್ಚು ಜನ ಪ್ರೀತಿಸುವುದು ಅದನ್ನೇ ಇರಬೇಕು. ಒಂದು ಮನುಷ್ಯದನಿ ಸೇರಿದ ತಕ್ಷಣ ಅದೇ ಲೆಕ್ಕ ಹೇಗೆ ಮೆತ್ತಗಾಗುತ್ತದೆ ನೋಡಿ.

ಟೋ ಹೆಸರು ಬರೆಯುವಾಗಲೇ ನಿದ್ದೆಗೆಟ್ಟವರ ಮೂರನೇ ಪ್ರಶ್ನೆ ಹೊಳೆದದ್ದು. ನಿಮ್ಮ ಮೊದಲ ಪ್ಯಾರಾ ಮತ್ತೆ ಓದಿದೆ. ಅಯ್ಯೋ ಮಾರಾಯರೇ, ಬಲಗಿವಿಗೆ ಮಾತ್ರ!

ಟ್ರಿಕೊದಲ್ಲಿ ಎರಡು ಗಿಟಾರ್. ಟೋನಲ್ಲೂ ಎರಡು. ಇಂಥ ಹಾಡುಗಳ ರೆಕಾರ್ಡಿಂಗ್‌ನಲ್ಲಿ ಒಂದು ಗಿಟಾರನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕೂರಿಸುವುದು ಬಲು ಸಾಮಾನ್ಯ. ದನಿ, ಬಾಸ್, ಸ್ನೇರ್ ನಡುವೆ ಇರುತ್ತವೆ, ಹಾಗಾಗಿ ಎರಡೂ ಕಿವಿಗೆ ಸಿಗುತ್ತವೆ. ಎಡಗಡೆಯ ಗಿಟಾರ್ ಮೂರು ಸ್ವರ ಹೇಳಿ ಬಿಡುತ್ತದೆ, ಬಲಗಡೆಯದು ಅಲ್ಲಿಂದ ಎತ್ತಿಕೊಂಡು ನಾಲ್ಕು ಹೇಳಿ ಮುಗಿಸುತ್ತದೆ. ಇಬ್ಬರು ಸೇರಿ ಒಂದು ವಾಕ್ಯ. ಬ್ಯಾಂಡ್ ಹೆಸರೇ ಹೆಣಿಗೆ ಅಂತ. ಹೆಣಿಗೆಗೆ ಎರಡು ಕಡ್ಡಿ ಬೇಕು! ನೀವು ಮೂರು ವಾರದಿಂದ ಒಂದೇ ಕಡ್ಡಿ ನೋಡುತ್ತಾ "ಇದೇನು ಮಾಡುತ್ತಿದೆ?" ಅಂತ ಕೇಳುತ್ತಿದ್ದೀರಿ.

ರಜೆ ದಿನ ಎರಡೂ ಕಿವಿಗೆ ಹಾಕಿಕೊಂಡು ಕೇಳಿ. ಆಮೇಲೆ ಬೇಕೆಂದೇ ಒಂದೊಂದು ಬದಿ ತೆಗೆದು ಕೇಳಿ, ಅದೂ ಮಜಾ. ಒಂದು ಬದಿ ಕೇಳುವಾಗ ಇನ್ನೊಂದು ಬದಿಯ ಜಾಗವನ್ನು ನೀವೇ ಬಾಯಲ್ಲಿ ತುಂಬಿ ನೋಡಿ.

---

ನಿದ್ದೆಗೆಟ್ಟವ

ಅಕ್ಕಾ, ಮೇಷ್ಟ್ರೇ, ಪಿಶಾಚಿಯವರೇ, ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ. ಮೊನ್ನೆ ರಜೆ ಇತ್ತು.

ಮೊದಲು ಮೆಲನ್ ಸೋಡಾ. ಎಣಿಸಲಿಲ್ಲ. ಕಷ್ಟಪಟ್ಟು ಎಣಿಸಲಿಲ್ಲ, ಕಾಲನ್ನು ಕುರ್ಚಿ ಮೇಲೆ ಮಡಚಿ ಕೂತಿದ್ದೆ. ಐದನೇ ಸಲಕ್ಕೆ ಕೋರಸ್ ಬಾಯಿಗೆ ಬಂತು, ಅರ್ಥ ಗೊತ್ತಿಲ್ಲದಿದ್ದರೂ. ಕಾಲು ಕೆಳಗೆ ಬಿಟ್ಟೆ. ತಾನೇ ಕುಟ್ಟಲು ಶುರು ಮಾಡಿತು. ಎರಡು ಕಡೆ ಎಡವಿತು, ಆದರೆ ದನಿ ಮುಂದೆ ಹೋಗುತ್ತಲೇ ಇತ್ತಲ್ಲ, ಓಡಿ ಹೋಗಿ ಸೇರಿಕೊಂಡಿತು.

ಆಮೇಲೆ ಎರಡೂ ಕಿವಿಗೆ ಒಚನ್ಸೆನ್ಸೂಸು.

ಎಡಗಡೆ ಅಷ್ಟೆಲ್ಲ ಇತ್ತಾ? ನಾನು ಮೂರು ವಾರ ಗೋಡೆ ಈಚೆ ಕೂತು ಪಕ್ಕದ ಮನೆಯವರು ಫೋನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡಿದ್ದೇನೆ ಅಂತ ಅನ್ನಿಸಿತು. ಅವರು "ಹೌದಾ, ಆಮೇಲೆ?" ಅನ್ನುವುದು ಮಾತ್ರ ಕೇಳುತ್ತಿತ್ತು, ಆ ಕಡೆಯವರ ಕಥೆ ಕೇಳುತ್ತಿರಲಿಲ್ಲ. ನಾಚಿಕೆಯೂ ಆಯಿತು, ನಗುವೂ ಬಂತು. ಕಾಲು ಇನ್ನೂ ಸೋಲುತ್ತಿದೆ, ಅದು ನಿಜ. ಮೇಷ್ಟ್ರ ಎಂಟು ಮಾತ್ರೆಯನ್ನು ಬಾಯಲ್ಲಿ ಹೇಳುತ್ತಾ ಅಡುಗೆಮನೆಗೂ ಹಾಲ್‌ಗೂ ಓಡಾಡಿದೆ. ಪದ ಸರಿಯಾಗಿ ಬಂತು, ಹಾಡು ಬರಲಿಲ್ಲ.

ಸಂಜೆ 'ದಿ' ಪೂರ್ತಿ ಕೇಳಿದೆ. ಅದರಲ್ಲಿ 'ಒಯಸುಮಿ' ಅಂತ ಒಂದು ಹಾಡು ಇದೆ, ನೀವು ಯಾರೂ ಹೇಳಲಿಲ್ಲ. ಶುಭರಾತ್ರಿ ಅಂತ ಅರ್ಥವಂತೆ. ಅದರ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ನಾನು ಶುಭರಾತ್ರಿ ಹೇಳುವ ಹೊತ್ತಿಗೆ ಊರೆಲ್ಲ ಎದ್ದು ಹಲ್ಲುಜ್ಜುತ್ತಿರುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ಪಾಳಿ ಮುಗಿಸಿ, ಬಸ್ಸಲ್ಲಿ ಅದನ್ನು ಹಾಕಿಕೊಂಡೆ. ಇಳಿಯುವ ಸ್ಟಾಪ್ ದಾಟಿ ಹೋಯಿತು.

ಒಂದೇ ತೊಂದರೆ. ಪಾಳಿಯಲ್ಲಿ ಎಡಗಿವಿ ಖಾಲಿ ಬಿಡಲೇಬೇಕು. ಮೇಜಿನ ಫೋನ್ ಕೇಳಿಸದಿದ್ದರೆ ಕೆಲಸ ಹೋಗುತ್ತದೆ. ಏನಾದರೂ ದಾರಿ ಇದೆಯಾ?

---

ಎಡಗೈ ಡ್ರಮ್ಮರ್

ಇದೆ. ನಿಮ್ಮ ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಇರುತ್ತದೆ. ಅದರೊಳಗೆ ಮೋನೊ ಆಡಿಯೊ ಹುಡುಕಿ, ಆನ್ ಮಾಡಿ. ಎರಡೂ ಬದಿಯದ್ದು ಸೇರಿ ಒಂದೇ ಕಿವಿಗೆ ಬರುತ್ತದೆ. ಒಂದು ಕಿವಿ ಕೇಳಿಸದವರಿಗೆ ಅಂತ ಮಾಡಿದ್ದು, ಒಂದು ಕಿವಿ ಆಫೀಸಿಗೆ ಕೊಟ್ಟವರಿಗೂ ಆಗುತ್ತದೆ.

ಆದರೆ ಎರಡು ಗಿಟಾರೂ ಒಂದರ ಮೇಲೊಂದು ಬಿದ್ದು, ಯಾರು ಯಾರ ಮಾತು ಮುಗಿಸುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಪಾಳಿಗೆ ಮೋನೊ, ಬಸ್ಸಿಗೆ ಎರಡು ಕಿವಿ ಅಂತ ಇಟ್ಟುಕೊಳ್ಳಿ.

ಒಯಸುಮಿ ಬೇಕೆಂದೇ ಹೇಳಿರಲಿಲ್ಲ.

---

ಹಳೇ ಮೇಷ್ಟ್ರು

'ಅಫುರೆರು' ನಾಲ್ಕು ಲಘು, ಸರಿ. 'ಒಯಸುಮಿ'ಯೂ ನಾಲ್ಕು ಲಘು. ಮೊಮ್ಮಗಳು ಮಲಗಿದ ಮೇಲೆ ಕೇಳಿದೆ. ಇದರಲ್ಲಿ ಗದ್ದಲ ಕಡಿಮೆ.